ಮೂಟೆ ಹೊಲಿಯುವ ಕೈಯಲ್ಲಿ ಮೇಷ್ಟ್ರ ಪುಸ್ತಕ

ಮಾದಿಹಳ್ಳಿಯ ಜವರಣ್ಣ ಬಾಯಿ ಬಿಡುವುದೇ ಕಡಿಮೆ. ಬಿಟ್ಟಾಗಲೆಲ್ಲ ಏನಾದರೊಂದು ತಲೆಗೆ ಕಟ್ಟಿಕೊಳ್ಳುತ್ತಿದ್ದ. ೧೯೯೮ರ ಜುಲೈನಲ್ಲಿ ಆದದ್ದೂ ಅದೇ. ಊರ ಶಾಲೆಯ ನಂಜುಂಡಯ್ಯ ಮೇಷ್ಟ್ರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಗೆ ಏನು ಕೊಡುವುದೆಂದು ಊರವರು ಶಾಲೆಯ ಜಗಲಿಯಲ್ಲಿ ಸೇರಿ, ಶಾಲಿನಿಂದ ಗೋಡೆ ಗಡಿಯಾರದವರೆಗೆ ಎಲ್ಲವನ್ನೂ ಚರ್ಚಿಸಿದರು. ಕೊನೆಗೆ ಊರಿನ ಹಿರಿಯ ದೇವೀರಪ್ಪ, ಮೇಷ್ಟ್ರ ಹತ್ತಿರ ಕಲಿತವರೆಲ್ಲ ಒಂದೊಂದು ಹಾಳೆ ಬರೆದುಕೊಡಲಿ, ಅರಸೀಕೆರೆಯಲ್ಲಿ ಬೈಂಡು ಮಾಡಿಸೋಣ ಎಂದ.

"ಅರಸೀಕೆರೆಗೆ ಯಾಕೋಗ್ಬೇಕು? ನಾನೇ ಹೊಲ್ಕೊಡ್ತೀನಿ" ಎಂದುಬಿಟ್ಟ ಮೂಲೆಯಲ್ಲಿ ಕೂತಿದ್ದ ಜವರಣ್ಣ.

"ಅದು ಮೂಟೆ ಅಲ್ಲ ಕಣ್ಲಾ, ಪುಸ್ತಕ" ಎಂದ ದೇವೀರಪ್ಪ. ಜಗಲಿಯೆಲ್ಲ ನಕ್ಕಿತು.

ನಗುವುದಕ್ಕೆ ಕಾರಣವಿತ್ತು. ಜವರಣ್ಣ ಜಾವಗಲ್‌ನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತೈದು ವರ್ಷದಿಂದ ಮೂಟೆ ಹೊಲಿಯುತ್ತಿದ್ದವನು. ಮೂಟೆ ಹೊಲಿಯುವ ದಪ್ಪ ಸೂಜಿ, ಅಂದರೆ ದಬ್ಬಳ, ಮದುವೆ ಮನೆಗೆ ಹೋದಾಗಲೂ ಅವನ ಟವೆಲ್ಲಿನ ಮಡಿಕೆಯಲ್ಲಿ ಇರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಶಾಲೆ ಬಿಡಿಸಿ ಮಂಡಿಗೆ ಕರೆದುಕೊಂಡು ಹೋಗಿದ್ದ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಂಜುಂಡಯ್ಯ ಮೇಷ್ಟ್ರು ಎರಡು ಸಲ ಮನೆ ಬಾಗಿಲಿಗೆ ಬಂದು, "ಹುಡುಗನ ಅಕ್ಷರ ದುಂಡಗಿದೆ, ಕಳಿಸ್ರಿ" ಎಂದು ಕೇಳಿದ್ದರು. ಅಪ್ಪ ಕಳಿಸಲಿಲ್ಲ. ಆಮೇಲೆ ಮೇಷ್ಟ್ರು ವರ್ಗವಾಗಿ ಬೇಲೂರು, ಹಳೇಬೀಡು ಎಂದು ಊರೂರು ಸುತ್ತಿ ಕೊನೆಗೆ ಮತ್ತೆ ಮಾದಿಹಳ್ಳಿಗೇ ಬಂದರು. ಎದುರಿಗೆ ಸಿಕ್ಕರೆ ಜವರಣ್ಣ ಈಗಲೂ ಹೆಗಲಿನ ಟವೆಲ್ ಕೈಗೆ ತೆಗೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ತಾನು ಮಾಡಿದ್ದೊಂದನ್ನು ಹತ್ತು ಜನರ ಮುಂದೆ ಅವರ ಕೈಗಿಡಬೇಕು, ಅದು ಗಟ್ಟಿಯಾಗಿರಬೇಕು ಎಂಬುದಷ್ಟೇ ಅವನ ಆಸೆ. ಆದರೆ ಪುಸ್ತಕ ಹೊಲಿಯುವ ಬಗೆ ಅವನಿಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದವಳು ಮಗಳು ಶ್ಯಾಮಲಾ. ಪಿಯುಸಿ ಓದುತ್ತಿದ್ದ ಅವಳು ಬೇಸಿಗೆ ರಜೆಯಲ್ಲಿ ಹಳೇಬೀಡಿನಲ್ಲಿ ಹತ್ತು ದಿನ ಬೈಂಡಿಂಗ್ ಕಲಿತು, ಮನೆಯಲ್ಲೇ ಡೈರಿ ಮಾಡಿ ಗೆಳತಿಯರಿಗೆ ಹಂಚುತ್ತಿದ್ದಳು. ಅಪ್ಪನನ್ನು ನಡುಮನೆಯಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದಳು. ಹಾಳೆಗಳನ್ನು ನೆಲಕ್ಕೆ ಕುಟ್ಟಿ ಅಂಚು ಸಮ ಮಾಡಬೇಕು. ಮೇಲೊಂದು ಕೆಳಗೊಂದು ರಟ್ಟು ಇಟ್ಟು, ಪಕ್ಕದಲ್ಲಿ ಮೊಳೆಯಿಂದ ಏಳು ತೂತು ಹೊಡೆಯಬೇಕು. ರಟ್ಟಿಗೆ ಬಟ್ಟೆ ಅಂಟಿಸಲು ಮೈದಾ ಅಂಟು ಕಾಯಿಸಬೇಕು, ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಬೇಕು. ಒಣಗುವವರೆಗೆ ಮೇಲೆ ಭಾರ ಹೇರಬೇಕು.

ಭಾರಕ್ಕೆ ರುಬ್ಬುಗುಂಡು ಹೋಯಿತು. ಬಟ್ಟೆಗೆ ಹೆಂಡತಿ ಲಕ್ಕಮ್ಮನ ಹಳೆಯ ಹಸಿರು ಸೀರೆಯ ಸೆರಗು ಹೋಯಿತು. "ದೋಸೆಗೆ ಹಿಟ್ಟು ರುಬ್ಬಂಗಿಲ್ಲ, ಉಡಾಕೆ ಸೀರೆ ಇಲ್ಲ. ಮೇಷ್ಟ್ರು ರಿಟೈರ್ ಆಗೋದ್ರೊಳಗೆ ನಾನೇ ರಿಟೈರ್ ಆಯ್ತೀನಿ" ಎಂದಳು ಅವಳು.

ಜವರಣ್ಣ ಮೊದಲು ಖಾಲಿ ಹಾಳೆಗಳದೊಂದು ಪುಸ್ತಕ ಹೊಲಿದು ನೋಡಿದ. ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು. ಅದನ್ನು ಗೂಡಿನಲ್ಲಿಟ್ಟು ಹತ್ತು ಸಲ ನೋಡಿದ. ಸಂಜೆ ಕಸ ಗುಡಿಸುತ್ತಿದ್ದ ಲಕ್ಕಮ್ಮ, ದಾರ ಜೋತಾಡುತ್ತಿದೆಯಲ್ಲ ಎಂದು ಅದರ ತುದಿ ಹಿಡಿದು ಎಳೆದಳು. ಹೊಲಿಗೆ ಸರಸರನೆ ಬಿಚ್ಚಿಕೊಂಡಿತು. ಹಾಳೆಯೆಲ್ಲ ಕಸದ ಮೇಲೆ.

ಗಂಡಹೆಂಡಿರಿಬ್ಬರೂ ಪಿಳಿಪಿಳಿ ನೋಡಿದರು. ಶ್ಯಾಮಲಾ ನಗುತ್ತ ಕೂತುಬಿಟ್ಟಳು. ಮಂಡಿಯಲ್ಲಿ ಮೂಟೆಯ ಬಾಯಿಯನ್ನು ಕುಣಿಕೆಯೊಳಗೆ ಕುಣಿಕೆ ತೂರಿಸಿ ಹೊಲಿಯುತ್ತಾರೆ. ಕೊನೆಗೆ ಗೇಣುದ್ದ ದಾರ ಬಿಟ್ಟಿರುತ್ತಾರೆ. ಕೊಳ್ಳುವವನು ಬಂದು ಕೊಬ್ಬರಿ ನೋಡಬೇಕೆಂದರೆ ಒಂದೇ ಎಳೆತಕ್ಕೆ ಮೂಟೆ ತೆರೆಯಬೇಕಲ್ಲ, ಅದಕ್ಕೆ. ಮೂವತ್ತೈದು ವರ್ಷ ಬಿಚ್ಚುವುದಕ್ಕೆಂದೇ ಹೊಲಿದ ಕೈ ಅದು.

"ಅಪ್ಪ, ಪುಸ್ತಕಾನ ಯಾರೂ ಬಿಚ್ಚಲ್ಲ. ಎರಡು ಸಲ ಗಂಟು ಹಾಕಿ, ತುದೀನ ಕತ್ತರಿಸ್ಬಿಡು" ಎಂದಳು ಶ್ಯಾಮಲಾ. ಅವನು ನಾಲ್ಕು ಪುಸ್ತಕ ಹೊಲಿದು ಕೈ ತಿದ್ದಿಕೊಂಡ. ಅಥವಾ ತಿದ್ದಿಕೊಂಡೆ ಎಂದುಕೊಂಡ.

ಬರೆದ ಹಾಳೆಗಳು ಒಂದೊಂದೇ ಬಂದವು. ಕೊನೆಯ ಆರು ಹಾಳೆ ಬಂದದ್ದು ಬೀಳ್ಕೊಡುಗೆಯ ದಿನ ಬೆಳಿಗ್ಗೆ. ಶ್ಯಾಮಲಾ ರಂಗೋಲಿ ಹಾಕಲು ಆಗಲೇ ಶಾಲೆಗೆ ಹೋಗಿದ್ದಳು. ಜವರಣ್ಣ ಒಬ್ಬನೇ ಕೂತು ಗಡಿಬಿಡಿಯಲ್ಲಿ ಹೊಲಿದು, ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದ.

ಸಭೆಯಲ್ಲಿ ಮೇಷ್ಟ್ರು ಹಾರ ತೆಗೆದಿಟ್ಟು, ಜವರಣ್ಣ ತಂದುಕೊಟ್ಟ ಪುಸ್ತಕ ಕೈಗೆತ್ತಿಕೊಂಡರು. ಹಸಿರು ಬಟ್ಟೆಯನ್ನು ಸವರಿದರು. ಆಗ ಜವರಣ್ಣನಿಗೆ ಕಂಡಿತು, ಪುಸ್ತಕದ ಮೂಲೆಯಿಂದ ಗೇಣುದ್ದ ದಾರ ಇಳಿಬಿದ್ದಿತ್ತು. ಅವಸರದಲ್ಲಿ ಕೈ ತನ್ನ ಹಳೆಯ ಚಾಳಿಯನ್ನೇ ಮಾಡಿಬಿಟ್ಟಿತ್ತು. ಮೇಷ್ಟ್ರ ಬೆರಳು ಆ ದಾರದ ಮೇಲೇ ಆಡುತ್ತಿತ್ತು.

"ಎಳೀಬ್ಯಾಡಿ ಮೇಷ್ಟ್ರೆ" ಎಂದು ಜವರಣ್ಣ ಎದ್ದು ನಿಂತ. ಇಡೀ ಸಭೆ ಅವನತ್ತ ತಿರುಗಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಮೂಟೆ ಗಂಟಿನ ಕಥೆಯನ್ನು ಅಲ್ಲೇ ತಡವರಿಸುತ್ತ ಹೇಳಿದ. ಮೊದಲು ನಕ್ಕವನು ದೇವೀರಪ್ಪ, ಆಮೇಲೆ ಎಲ್ಲರೂ.

ಮೇಷ್ಟ್ರು ನಗಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಕೊನೆಯವರೆಗೂ ತಿರುವಿದರು. "ಇದರಲ್ಲಿ ನಿನ್ನ ಹಾಳೆ ಎಲ್ಲಿ ಜವರ?" ಎಂದು ಕೇಳಿದರು.

"ನಂದು ಬರೀ ಹೊಲಿಗೆ ಮೇಷ್ಟ್ರೆ. ನಾನೆಲ್ಲಿ ನಿಮ್ಮತ್ರ ಪೂರ್ತಿ ಕಲ್ತೆ."

ಮೇಷ್ಟ್ರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ದಾರದ ತುದಿ ಹಿಡಿದು, ನಿಧಾನವಾಗಿ, ಬೇಕೆಂದೇ ಎಳೆದರು. ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತು. ಅವರು ಜೇಬಿನ ಪೆನ್ನು ತೆಗೆದು, ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಅವನ ಮುಂದೆ ಸರಿಸಿ, "ಬರಿ" ಎಂದರು.

ದಬ್ಬಳ ಹಿಡಿದ ಬೆರಳಿಗೆ ಪೆನ್ನು ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಜವರಣ್ಣ ಬಗ್ಗಿ ಒಂದೇ ಸಾಲು ಬರೆದ. ಅಕ್ಷರ ಇನ್ನೂ ದುಂಡಗೇ ಇತ್ತು.

"ಜವರ, ನಾಲ್ಕನೇ ಕ್ಲಾಸು. ಹಾಜರು ಮೇಷ್ಟ್ರೆ."

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಆ ಹಾಳೆಯನ್ನು ತಾವೇ ಎಲ್ಲಕ್ಕಿಂತ ಮೇಲಿಟ್ಟು, ಅದರ ಮೇಲೆ ಹಸಿರು ರಟ್ಟು ಮುಚ್ಚಿದರು.

ಜವರಣ್ಣ ಮೊಳೆ ಕೇಳಿ ತೆಗೆದುಕೊಂಡು ಹೊಸ ಹಾಳೆಗೂ ಏಳು ತೂತು ಹೊಡೆದ. ಟವೆಲ್ಲಿನ ಮಡಿಕೆಯಿಂದ ದಬ್ಬಳ ಹೊರಬಂತು. "ಈ ಸಲ ಗಟ್ಟಿ ಗಂಟು ಹಾಕ್ತೀನಿ ಮೇಷ್ಟ್ರೆ" ಎಂದ.

"ಬೇಡ. ನಿನ್ನ ಗಂಟೇ ಹಾಕು. ಬಿಟ್ಟುಹೋದೋರು ಇನ್ನೂ ಯಾರಾದರೂ ಬರಬಹುದು" ಎಂದರು ಮೇಷ್ಟ್ರು.

ಜವರಣ್ಣ ಶಾಲೆಯ ಮೆಟ್ಟಿಲ ಮೇಲೆ ಕೂತು ಹೊಲಿದ, ಕೊನೆಗೆ ಗೇಣುದ್ದ ದಾರ ಬಿಟ್ಟ.