ಹಂದಿಗೆ ಕಟ್ಟಿದ ಮರದ ಗಂಟೆ

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಎಂಬತ್ತಾರನೇ ಇಸವಿಯಲ್ಲೊಂದು ಹಂದಿ ಫಾರಮ್ಮಿತ್ತು. ಅಲ್ಲಿ ಕೆರಿಯಪ್ಪ ದಿನಗೂಲಿ. ಮಾಡುವ ಕೆಲಸದಲ್ಲಿ ಅರ್ಧ ಕನಸೇ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. "ಕೂತಲ್ಲೇ ತೂಕಡಿಸೋ ವಿದ್ಯೆಗೊಂದು ಪೋಸ್ಟಿದ್ದಿದ್ರೆ ನಾನು ಇಷ್ಟೊತ್ತಿಗೆ ಪರ್ಮನೆಂಟು."

ಒಂದೇ ದೊಡ್ಡಿಯಲ್ಲಿ ಒಂಬತ್ತು ಗಬ್ಬದ ಹಂದಿಗಳು, ಎಲ್ಲಕ್ಕೂ ಒಂದೇ ತೊಟ್ಟಿ. ಏಳನೇ ನಂಬರಿನದು ಮೂರರ ಪಾಲು ತಿಂದು, ಉಳಿದದ್ದರ ಮೇಲೆ ಮಲಗುತ್ತಿತ್ತು. ನಾಲ್ಕನೇ ನಂಬರಿನ ಕುಂಟಿಗೆ ತೊಟ್ಟಿಯ ವಾಸನೆಯಷ್ಟೇ ಗತಿ. ಕೆಲಸಕ್ಕೆ ಸೇರಿದ ದಿನ ಕೆರಿಯಪ್ಪ ಗಲೀಜಿನಲ್ಲಿ ಜಾರಿ ಬಿದ್ದಾಗ ಎಲ್ಲವೂ ಓಡಿದ್ದವು. ಕುಂಟಿಯೊಂದೇ ನಿಂತು ಅವನ ಕಿವಿ ಮೂಸಿತ್ತು. ಓಡಲಾಗದೆ ನಿಂತಿತ್ತೆಂದು ಹೆಂಡತಿ ವರದಾ ಹೇಳಿದ್ದನ್ನು ಅವನು ನಂಬಿರಲಿಲ್ಲ.

ಫಾರಮ್ಮು ನೋಡಿಕೊಳ್ಳುವ ದನದ ಡಾಕ್ಟ್ರು ಹಾಲೆಂಡಿಗೆ ತರಬೇತಿಗೆ ಹೋಗಿ ಬಂದವರು ಫೋಟೊ ತೋರಿಸಿದರು. ಅಲ್ಲಿಯ ಹಂದಿಯ ಕೊರಳಲ್ಲಿ ಪಟ್ಟಿ. ಗೂಡಿನೊಳಗೆ ಒಂದೊಂದಾಗಿ ಹೋದರೆ ಯಂತ್ರ ಗುರುತು ಹಿಡಿದು ಅದರ ಪಾಲನ್ನಷ್ಟೇ ಸುರಿಯುತ್ತದೆ. ಎರಡನೇ ಸಲ ಹೋದರೆ ಕಾಳೂ ಇಲ್ಲ.

"ನಮಗ್ಯಾವಾಗ ಬರ್ತದೆ ಸಾರ್?"

"ಮೊದ್ಲು ಕರೆಂಟು ಬರ್ಲಿ. ಕೆರಿಯಪ್ಪ, ತಿಂಗಳ ಕೊನೆಗೆ ತೂಕ ಹಾಕ್ತೀನಿ. ನಾಲ್ಕನೇದು ನೂರಿಪ್ಪತ್ತು ಕೆ.ಜಿ. ಮುಟ್ಲಿಲ್ಲ ಅಂದ್ರೆ ಕಟುಕರ ಲಾರಿಗೆ."

ಕೆರಿಯಪ್ಪ ಅಂದು ಸಂಜೆಯೇ ಜಟ್ಟಿಂಗಪ್ಪನ ಜಗುಲಿ ಹತ್ತಿದ. ಕಾಡಿಗೆ ಮೇಯಲು ಹೋಗುವ ದನಗಳಿಗೆ ಮರದ ಗಂಟೆ ಕೆತ್ತುವ ಮುದುಕ. ಒಂದರ ದನಿ ಇನ್ನೊಂದಕ್ಕಿರುತ್ತಿರಲಿಲ್ಲ.

"ಒಂಬತ್ತು ಗಂಟೆ ಬೇಕಾಗಿತ್ತು. ಹಂದಿಗೆ."

ಜಟ್ಟಿಂಗಪ್ಪ ಎಲೆಯಡಿಕೆ ಉಗಿದು ಬಂದ. "ಹತ್ತು ಮಾಡ್ತೀನಿ ತಗ. ನಿನ್ ಕೊರಳಿಗೂ ಒಂದಿರ್ಲಿ, ಎಲ್ಲಿ ಮಲಗಿದೀಯ ಅಂತ ಡಾಕ್ಟ್ರಿಗೆ ಗೊತ್ತಾಗ್ತದೆ."

ಆಮೇಲೆ ಮುದುಕ ಮತ್ತೇನೋ ಹೇಳಿದ. ಕೆರಿಯಪ್ಪ ಆಗಲೇ ಹಾಲೆಂಡಿನಲ್ಲಿದ್ದ.

ಮುದುಕ ಹತ್ತು ಗಂಟೆಯನ್ನೂ ಕೊಟ್ಟ; ಒಂಬತ್ತು ಹಂದಿಗಳ ಕೊರಳಿಗೆ ಹೋದವು, ಹತ್ತನೆಯದರ ತಮಾಷೆಯನ್ನು ಕೆರಿಯಪ್ಪನೇ ಡಾಕ್ಟ್ರಿಗೆ ಹೇಳಿ ನಗಿಸಿದ. ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಒಂದು ಹಂದಿ ಹಿಡಿಯುವಷ್ಟು ಗೂಡು ಕಟ್ಟಿ, ಬಾಗಿಲಿಗೆ ಹಗ್ಗ ಹಾಕಿ, ತುದಿಯನ್ನು ಗೋಡೆಯಾಚೆಯ ಹಿಂಡಿ ಕೋಣೆಗೆ ಎಳೆದ. ಅಲ್ಲಿ ಕೂತು ಗಂಟೆ ಕೇಳುವುದು, ಹಗ್ಗ ಎಳೆಯುವುದು, ಕಿಂಡಿಯಿಂದ ಅಳೆದು ಸುರಿಯುವುದು. ವಾರದೊಳಗೆ ಹಂದಿಗಳು ಸರತಿ ಕಲಿತವು. ಕೆರಿಯಪ್ಪ ಕಣ್ಣು ಮುಚ್ಚುವುದನ್ನು ಕಲಿತ. ಅಥವಾ ಅದಕ್ಕೀಗ ಕಾರಣ ಸಿಕ್ಕಿತು. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಡಿಯ ಧೂಳು ತೇಲುತ್ತಿತ್ತು. ಒಂಬತ್ತು ದನಿಗಳು ದೂರದ ಗುಡ್ಡದಿಂದ ಇಳಿದಂತೆ ಬರುತ್ತಿದ್ದವು. ಟಕಟಕ ಅಂದರೆ ಏಳು. ಡೊಬ್, ತಡೆದು ಮತ್ತೊಂದು ಡೊಬ್ ಅಂದರೆ ಕುಂಟಿ. ಅದು ಬಂದರೆ ಅವನ ಕೈ ನಿದ್ದೆಯಲ್ಲೇ ಹಗ್ಗ ಎಳೆಯುತ್ತಿತ್ತು.

ತಿಂಗಳ ಕೊನೆ ಹತ್ತಿರವಾದಾಗ ಡೊಬ್ ಎರಡೆರಡು ಸಲ ಬರತೊಡಗಿತು.

"ನಿನ್ ಪಾಲಾಯ್ತಲ್ಲ ಮಾರಾಯ್ತಿ," ಅನ್ನುತ್ತಿದ್ದ ಕೆರಿಯಪ್ಪ, ಕಣ್ಣು ತೆರೆಯದೆ. ಹಾಲೆಂಡಿನ ಯಂತ್ರ ಎರಡನೇ ಸಲ ಕೊಡುತ್ತದೆಯೇ? ಗೋಡೆಯಾಚೆ ಆ ಗಂಟೆ ಬಹಳ ಹೊತ್ತು ಕಾದು, ಆಮೇಲೆ ದೂರವಾಗುತ್ತಿತ್ತು.

ಐದನೇ ದಿನ ಕನಸಿನಲ್ಲಿ ಅವನು ಕಾಡಿನ ದಾರಿಯಲ್ಲಿದ್ದ. ಮುಂದೊಂದು ದನ, ಹಿಂದೊಂದು ದನ, ಎರಡರ ಕೊರಳಲ್ಲೂ ಒಂದೇ ದನಿ. ಹಾಗಾಗಲಿಕ್ಕಿಲ್ಲವಲ್ಲ ಎಂದುಕೊಳ್ಳುತ್ತಲೇ ಎಚ್ಚರವಾಯಿತು. ಎಚ್ಚರದಲ್ಲೂ ದನಿ ಎರಡಿದ್ದವು. ಕಿಂಡಿಯಲ್ಲಿ ಇಣುಕಿದ. ಒಳಗೆ ಏಳನೆಯದು ಮೆಲ್ಲುತ್ತಿತ್ತು. ಅದರ ಗಂಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಕುಂಟಿ ದಬ್ಬೆಗೆ ಮೂತಿಯಿಟ್ಟು ನಿಂತಿತ್ತು.

ಜಟ್ಟಿಂಗಪ್ಪನ ಉಳಿದರ್ಧ ಮಾತು ಅವನಿಗೆ ಆಗ ಕೇಳಿಸಿತು: "ನೀರಲ್ಲಿ ಅದ್ದಕ್ಕೆ ಬಿಡಬ್ಯಾಡ, ನೆಂದ್ರೆ ದನಿ ಇಳೀತದೆ." ಏಳನೆಯದು ಸೆಕೆಗೆ ನೀರಿನ ತೊಟ್ಟಿಯಲ್ಲಿ ಕೊರಳು ಮುಳುಗಿಸಿ, ತನ್ನ ಪಾಲಿನ ಮೇಲೆ ಕುಂಟಿಯ ಪಾಲನ್ನೂ ತಿಂದಿತ್ತು. ಕುಂಟಿಯನ್ನು ನಾಲ್ಕು ದಿನ ಬಾಗಿಲಿನಿಂದ ವಾಪಸು ಕಳಿಸಿದವನು ಮಾತ್ರ ತಾನೇ.

ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಕೆರಿಯಪ್ಪ ಗೂಡಿನ ಹತ್ತಿರವೇ ನಿಂತು, ಕಣ್ಣು ಬಿಟ್ಟುಕೊಂಡು ತಿನ್ನಿಸಿದ.

ತಕ್ಕಡಿ ನೂರಾ ಹದಿನೆಂಟಕ್ಕೆ ನಿಂತಿತು. ಡಾಕ್ಟ್ರು ಪೆನ್ನು ತೆಗೆದರು.

"ನಾಲ್ಕು ದಿನ ಅದನ್ನ ಉಪವಾಸ ಕೆಡವಿದ್ದು ನಾನು ಸಾರ್," ಅಂದ ಕೆರಿಯಪ್ಪ. "ಕೂತು ನಿದ್ದೆ ಮಾಡಿದ್ದೆ."

"ನಾಲ್ಕು ದಿನವೂ?"

"ನಾಲ್ಕು ದಿನದ್ದು ಮಾತ್ರ ಗೊತ್ತಾಗಿದ್ದು."

ಡಾಕ್ಟ್ರು ತಕ್ಕಡಿ ನೋಡಿದರು, ಹಂದಿ ನೋಡಿದರು, ಹೋದ ತಿಂಗಳ ತೂಕ ನೋಡಿದರು. "ಉಪವಾಸ ಇದ್ದೂ ಹನ್ನೊಂದು ಕೆ.ಜಿ. ಏರಿದೆಯಲ್ಲೋ." ಪೆನ್ನು ಜೇಬಿಗೆ ಹೋಯಿತು. "ಮರಿ ಹಾಕೋವರೆಗೂ ಇರ್ಲಿ. ಆ ಹತ್ತನೇ ಗಂಟೆ ಎಲ್ಲಿ?"

ಆಮೇಲೆ ಹತ್ತನೆಯದು ಕೆರಿಯಪ್ಪನ ಸೊಂಟದಲ್ಲಿತ್ತು. ದನಿ ನಿಂತರೆ ಡಾಕ್ಟ್ರು ಆಫೀಸಿನಿಂದಲೇ ಕೆಮ್ಮುತ್ತಿದ್ದರು. ಆದರೂ ಬಿಸಿಲೇರಿದ ಹೊತ್ತಿಗೆ ಕೆಲವೊಮ್ಮೆ ಅದು ನಿಲ್ಲುತ್ತಿತ್ತು. ಆಗ ಡಾಕ್ಟ್ರ ಕೆಮ್ಮಿಗಿಂತ ಮುಂಚೆ ಗೋಡೆಯಾಚೆಯಿಂದ ಡೊಬ್ ಅನ್ನುತ್ತಿತ್ತು, ತಡೆದು ಮತ್ತೊಂದು.