ಕೊಳಕೆಯ ಕೊಯ್ಲು

ಮೊನ್ನೆ ನನ್ನ ತವರೂರು ಬೆಳ್ಮಣ್ಣಿಗೆ ಹೋಗಿದ್ದಾಗ ಯಾರದೋ ಹಿತ್ತಿಲಿನಿಂದ ಭತ್ತ ಬೇಯಿಸುವ ವಾಸನೆ ಬಂತು. ನೀವು ನಕ್ಕು ಮೂಗು ಮುಚ್ಚಿಕೊಂಡಿರಿ. ನಾನೂ ಸೆರಗು ಅಡ್ಡ ಹಿಡಿದೆ, ಆದರೆ ಕಾರಣ ಬೇರೆ ಮಕ್ಕಳೇ... ನಮ್ಮ ಪಕ್ಕದ ಮನೆಯ ಅಕ್ಕನ ನೆನಪಾಗಿತ್ತು.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅಕ್ಕ ಮಣಿಪಾಲದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಕಾಲೇಜಿನಲ್ಲಿ ವರ್ಷವನ್ನು ಮೂರು ಭಾಗ ಮಾಡಿದ್ದರು. ಒಂದೊಂದಕ್ಕೂ ಬೇರೆ ಪಾಠ, ಕೊನೆಯಲ್ಲಿ ಪರೀಕ್ಷೆ, ನಡುವೆ ಸಣ್ಣ ರಜೆ. ಊರಿನ ಮಕ್ಕಳು ಬೇಸಿಗೆಯಲ್ಲಿ ಗೇರುಹಣ್ಣು ಹೆಕ್ಕುವಾಗ ಅವಳಿಗೆ ಮೂರನೆಯ ಪರೀಕ್ಷೆ.

ಕೊನೆಯ ವರ್ಷ ಕಾರ್ಕಳದಿಂದ ಸಂಬಂಧ ಬಂತು. ಹುಡುಗ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಜೋಯಿಸರು ಎರಡು ಮುಹೂರ್ತ ಕೊಟ್ಟರು. ಎರಡನೆಯದು ಸರಿಯಾಗಿ ಪರೀಕ್ಷೆಯ ದಿನಗಳಲ್ಲಿ ಬಿತ್ತು. ಜಗಲಿಯಲ್ಲಿ ಮಾತು ನಡೆಯುವಾಗ ನಾನು ಕಂಬದ ಹಿಂದೆ ನಿಂತಿದ್ದೆ.

"ಊರಿಗೆಲ್ಲ ರಜೆ, ನಿನಗೊಬ್ಬಳಿಗೆ ಎಂತ ಪರೀಕ್ಷೆ ಮಾರಾಯ್ತಿ?" ಎಂದರು ಅವಳ ಅಪ್ಪ.

"ನಮ್ಮ ಗದ್ದೆಯ ಹಾಗೆಯೇ ಅಪ್ಪಾ. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ಉಂಟಲ್ವಾ? ಇದು ಮೂರನೆಯದು, ಬೇಸಿಗೆಯ ಕೊಳಕೆ. ಈಗ ತಪ್ಪಿದರೆ ಈ ಪಾಠ ಮತ್ತೆ ಬರುವುದು ಮುಂದಿನ ವರ್ಷದ ಕೊಳಕೆಗೇ. ಮೊದಲಿನ ಮುಹೂರ್ತವೇ ಇರಲಿ, ಮದುವೆಯಾಗಿ ಬಂದು ಬರೆಯುತ್ತೇನೆ."

"ಆಗ ಕೊಯ್ಲು! ಪೈರು ಗದ್ದೆಯಲ್ಲಿ ಬಿಟ್ಟು ಮದುವೆ ಮಾಡುವುದಾ? ನಿನ್ನ ಕೊಳಕೆ ಮುಂದಿನ ವರ್ಷ ಕೊಯ್ದರಾಯಿತು."

ಎಲ್ಲರೂ ನಕ್ಕರು. ಅಕ್ಕ ಒಳಗೆ ಹೋದಳು.

ಎರಡನೆಯ ಮುಹೂರ್ತವೇ ನಿಶ್ಚಯವಾಯಿತು. ಒಂದು ತೆನೆಯೂ ಉದುರದೆ ಅವರ ಬೆಳೆ ಮನೆ ಸೇರಿತು. ಮದುವೆಯ ಚಪ್ಪರಕ್ಕೆಲ್ಲ ಆ ಹೊಸ ಭತ್ತ ಬೇಯಿಸಿದ ವಾಸನೆ. ಜಡೆಗೆ ಮಲ್ಲಿಗೆ ಮುಡಿಸುವಾಗ ಅಕ್ಕ ನನ್ನ ಕಿವಿಯಲ್ಲಿ, "ಈಗ ಅಲ್ಲಿ ಪ್ರಶ್ನೆಪತ್ರಿಕೆ ಕೊಡುತ್ತಿರಬಹುದು" ಎಂದಳು.

ಮುಂದಿನ ಕೊಳಕೆಯ ಹೊತ್ತಿಗೆ ಅವಳು ಬಾಣಂತಿ. ಅದರ ಮುಂದಿನ ವರ್ಷ ಅತ್ತೆಗೆ ಹುಷಾರಿರಲಿಲ್ಲ. ಆಮೇಲೆ ಕೇಳುವವರೂ ಇರಲಿಲ್ಲ, ಅವಳೂ ಹೇಳಲಿಲ್ಲ... ಅವಳ ಅಪ್ಪ ಮಾತ್ರ ಒಂದು ವರ್ಷವೂ ಗದ್ದೆಯನ್ನು ಬಿತ್ತದೆ ಹಡಿಲು ಬಿಡಲಿಲ್ಲ.

ಅಕ್ಕ ತೀರಿಹೋಗಿ ಈಗ ಕೆಲವು ವರ್ಷವಾಯಿತು. ಮೊನ್ನೆ ಆ ಗದ್ದೆಯನ್ನೂ ನೋಡಿದೆ. ಮಣ್ಣು ತುಂಬಿಸಿ ಯಾರೋ ಕಲ್ಯಾಣ ಮಂಟಪ ಕಟ್ಟಿದ್ದಾರೆ.