ಎಲೆ ಸುಟ್ಟವರು ಯಾರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಡಿಸೆಂಬರಿನಲ್ಲಿ ನಾನು ಮಾಡಿದ್ದಕ್ಕೆ ದಿಲ್ಲಿಯ ಹೊಗೆ, ಮಗಳ ಉಬ್ಬಸ, ಪಾಲಿಕೆಯವರ ಉದಾಸೀನ ಎಂದು ಹತ್ತು ನೆಪ ಹೇಳಬಹುದು. ಆದರೆ ಫೋನು ನನ್ನದು, ಬೆರಳು ನನ್ನದು, ಕೋಪವೂ ನನ್ನದೇ.

ನಾವಿರುವುದು ಹಳೆಯ ಫ್ಲ್ಯಾಟುಗಳ ಒಂದು ಕಾಲೊನಿಯಲ್ಲಿ, ಎರಡನೇ ಮಹಡಿ. ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಗಂಡನಿಗೆ ನೋಯ್ಡಾದಲ್ಲಿ ಕೆಲಸ, ಬೆಳಗ್ಗೆ ಏಳಕ್ಕೆಲ್ಲ ಮೆಟ್ರೊ ಹಿಡಿಯಲು ಹೊರಟುಬಿಡುತ್ತಾರೆ. ಮಗಳಿಗೆ ಆಗ ಒಂಬತ್ತು. ದೀಪಾವಳಿ ಕಳೆಯಿತೆಂದರೆ ಅವಳ ಎದೆಯಲ್ಲಿ ಸಿಳ್ಳೆ ಶುರುವಾಗುತ್ತದೆ. ಹೋಳಿ ಬರುವವರೆಗೂ ನೆಬ್ಯುಲೈಸರ್ ಯಂತ್ರ ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲೇ ಇರುತ್ತದೆ.

ಅವತ್ತು ಗಾಳಿ ಕೆಟ್ಟಿದೆಯೆಂದು ಶಾಲೆಗೆ ರಜೆ ಕೊಟ್ಟಿದ್ದರು. ಆಕಾಶ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ನಾನು ಒಗ್ಗರಣೆ ಹಾಕುತ್ತಿದ್ದಾಗ ಮಗಳು ರೂಮಿನಿಂದ ಕೂಗಿದಳು. “ಅಮ್ಮಾ, ಸ್ಮೋಕ್ ಆ ರಹಾ ಹೈ, ವಿಂಡೋ ಬಂದ್ ಮಾಡು ನಾ!” ಹಿಂದೆಯೇ ಕೆಮ್ಮು. ಬಾಲ್ಕನಿಗೆ ಹೋಗಿ ನೋಡಿದರೆ ಕೆಳಗೆ, ಹಿಪ್ಪುನೇರಳೆ ಮರದ ಬುಡದಲ್ಲಿ, ನಮ್ಮ ಗಲ್ಲಿ ಗುಡಿಸುವವಳು ಒಣಗಿದೆಲೆಯ ರಾಶಿಗೆ ಬೆಂಕಿ ಹಾಕಿ ಕೋಲಿನಿಂದ ಕೆದಕುತ್ತಿದ್ದಳು. ಪಾಲಿಕೆಯ ಕಿತ್ತಳೆ ಜಾಕೀಟು, ತಲೆಗೆ ಸುತ್ತಿದ ಶಾಲು, ಬೆನ್ನು ನಮ್ಮ ಕಡೆಗೆ. ಹೊಗೆ ನೆಟ್ಟಗೆ ನಮ್ಮ ಕಿಟಕಿಗೇ ಏರುತ್ತಿತ್ತು. “ಏ, ಬಂದ್ ಕರೋ ಯೇ ಸಬ್!” ಎಂದು ಕಿರುಚಿದೆ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ ಗೊತ್ತಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು, ಫೋಟೊ ತೆಗೆದೆ.

ಮಗಳಿಗೆ ಮಾಸ್ಕ್ ಕಟ್ಟಿ ಯಂತ್ರ ಹಚ್ಚಿ, ಅದರ ಗುರುಗುರು ಸದ್ದಿನ ಪಕ್ಕದಲ್ಲೇ ಕುಳಿತು ದೂರು ಬರೆದೆ. ಪಾಲಿಕೆಯ ಆ್ಯಪಿನಲ್ಲಿ ದೂರು ಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಎರಡು ದಿನ ಬಿಟ್ಟು ಯಾವುದೋ ಬೇರೆ ಬೀದಿಯ ಫೋಟೊ ಅಂಟಿಸಿ ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹಾಕುತ್ತಾರೆ. ಆದರೆ ನಾನು ಇಪ್ಪತ್ತು ವರ್ಷ ಕಡತಗಳಿಗೆ ಟಿಪ್ಪಣಿ ಬರೆದು ಕೂದಲು ಹಣ್ಣು ಮಾಡಿಕೊಂಡವಳು. ನನ್ನ ಡ್ರಾಫ್ಟಿನಲ್ಲಿ ಸೂಜಿ ತೂರಿಸಲೂ ಸಂದಿ ಇರುವುದಿಲ್ಲವೆಂದು ನಮ್ಮ ಅಧಿಕಾರಿಗಳೇ ಹೇಳುತ್ತಾರೆ. ಸಮಯ, ಸ್ಥಳ, ಚಿತ್ರ, ಮೀರಿದ ನಿಯಮ ಎಲ್ಲ ಬರೆದು ಕೊನೆಗೆ ನಮ್ಮ ಆಫೀಸಿನ ಬ್ರಹ್ಮಾಸ್ತ್ರ ಬಿಟ್ಟೆ. ‘ಯಾರು ಜವಾಬ್ದಾರರೆಂದು ನಿಗದಿಪಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸುವುದು. ಅಲ್ಲಿಯವರೆಗೆ ಈ ದೂರು ಮುಗಿಯಿತೆಂದು ಭಾವಿಸತಕ್ಕದ್ದಲ್ಲ.’ ಪ್ರತಿಯನ್ನು ಮೇಲಿನ ಮೂವರು ಅಧಿಕಾರಿಗಳಿಗೆ ಕಳಿಸಿದೆ. ಕಳಿಸಿದ ಮೇಲೆ ಕಾಫಿ ರುಚಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಜವಾಬ್ದಾರಿ ನಿಗದಿಪಡಿಸಿ ಎಂದು ಮೇಲಿನಿಂದ ಕಾಗದ ಬಂದರೆ ಅದು ಯಾರ ತಲೆಯ ಮೇಲೆ ಹೋಗಿ ಕೂರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮಲ್ಲಿ ಕಡತ ಕಳೆದರೆ ಜವಾನ ಹೊಣೆ, ಲಿಫ್ಟ್ ಕೆಟ್ಟರೆ ಲಿಫ್ಟಿನವನು ಹೊಣೆ. ಗೊತ್ತಿದ್ದೂ ಬರೆದೆ.

ನಾಲ್ಕನೆಯ ದಿನ ಭಾನುವಾರ. ಗಂಡ ತರಕಾರಿಗೆ ಹೋಗಿದ್ದರು. ಬೆಲ್ ಆಯಿತು. ಬಾಗಿಲು ತೆಗೆದರೆ ಅವಳು. ಚಪ್ಪಲಿ ಮೆಟ್ಟಿಲ ಮೇಲೆ ಕಳಚಿ, ಹೊಸ್ತಿಲಿನಿಂದ ಎರಡಡಿ ದೂರವೇ ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು. ಅವಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಅವಳು ಹಿಂದಿಯಲ್ಲಿ, ಗಂಟಲು ಏರಿಸದೆ ಮಾತಾಡಿದಳು.

“ಮೇಡಂಜೀ, ನನ್ನನ್ನು ಹಾಜರಿಯಿಂದ ತೆಗೆದಿದ್ದಾರೆ. ಶುಕ್ರವಾರ ವಿಚಾರಣೆ. ಹನ್ನೊಂದು ವರ್ಷದಿಂದ ಕಚ್ಚಿ ನೌಕರಿ, ದಿನಗೂಲಿ, ಈ ಸಲ ಪಕ್ಕಾ ಮಾಡುವವರ ಪಟ್ಟಿಯಲ್ಲಿ ಹೆಸರು ಬಂದಿತ್ತು. ಬೆಂಕಿಯ ಕೇಸ್ ಹತ್ತಿದರೆ ಪಟ್ಟಿಯೂ ಹೋಗುತ್ತೆ, ಕೆಲಸವೂ ಹೋಗುತ್ತೆ.”

“ಅಚ್ಛಾ,” ಎಂದೆ. “ಅದಕ್ಕೆ ನಾನೇನು ಮಾಡಲಿ?”

“ಆ ಫೋಟೊ ನನಗೆ ತೋರಿಸಿದರು. ಮೇಲಿನಿಂದ ತೆಗೆದದ್ದು. ಅಂಚಿನಲ್ಲಿ ತುಳಸಿ ಕುಂಡ ಕಾಣುತ್ತೆ. ಈ ಸಾಲಿನಲ್ಲಿ ಬಾಲ್ಕನಿಯ ಕಟ್ಟೆ ಮೇಲೆ ತುಳಸಿ ಇಟ್ಟವರು ನೀವೊಬ್ಬರೇ.”

ಕಳ್ಳಿ ಸಿಕ್ಕಿಬಿದ್ದ ಹಾಗಾಯಿತು. ಸಿಕ್ಕಿಬಿದ್ದವರು ಮಾಡುವುದನ್ನೇ ನಾನೂ ಮಾಡಿದೆ, ಜೋರು ಮಾಡಿದೆ. “ಹೌದು, ನಾನೇ! ನನ್ನ ಮಗುವಿಗೆ ಉಸಿರು ಹಿಡಿಯುತ್ತೆ, ಗೊತ್ತಾ? ನಿನಗೆ ಸುಡೋದಕ್ಕೆ ನನ್ನ ಕಿಟಕಿಯೇ ಬೇಕಿತ್ತಾ? ಬೇರೆ ಜಾಗ ಇರಲಿಲ್ವಾ?”

“ಇತ್ತು,” ಎಂದಳು. “ಪಾರ್ಕಿನ ಮೂಲೆಯಲ್ಲಿ ಗುಂಡಿ ಇತ್ತಲ್ಲ. ಎಲೆಯೆಲ್ಲ ಅಲ್ಲೇ ಹಾಕುತ್ತಿದ್ದೆ. ಅದನ್ನ ಮುಚ್ಚಿಸಿದ್ದು ಯಾರು, ಮೇಡಂಜೀ?”

ಮುಚ್ಚಿಸಿದ್ದೂ ನಾನೇ. ಎರಡು ವರ್ಷದ ಹಿಂದೆ ಆ ಗೊಬ್ಬರದ ಗುಂಡಿಯಿಂದ ವಾಸನೆ, ಸೊಳ್ಳೆ ಎಂದು ಇಡೀ ಬ್ಲಾಕಿನ ಸಹಿ ಹಾಕಿಸಿ ಅರ್ಜಿ ಬರೆದಿದ್ದೆ. ಅದೂ ಸೂಜಿ ತೂರದ ಅರ್ಜಿಯೇ. ಗುಂಡಿ ತುಂಬಿಸಿ, ಮೇಲೆ ಕೆಂಪು ಕಲ್ಲಿನ ಬೆಂಚು ಹಾಕಿದರು. ಸಂಜೆ ನಾನೇ ಎಷ್ಟೋ ಸಲ ಅದರ ಮೇಲೆ ಕುಳಿತು ಮಗಳು ಆಡುವುದನ್ನು ನೋಡಿದ್ದೇನೆ. ಎಲೆ ಎಲ್ಲಿಗೆ ಹೋಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಉಳಿದದ್ದನ್ನು ಅವಳೇ ಹೇಳಿದಳು. ಕಸದ ಗಾಡಿಯವರು ಎಲೆ ಮುಟ್ಟುವುದಿಲ್ಲ, ಅದು ತೋಟಗಾರಿಕೆಯವರ ಕೆಲಸವಂತೆ. ತೋಟಗಾರಿಕೆಯವರ ಟ್ರಾಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಾಶಿ ಹಾಗೇ ಬಿದ್ದಿದ್ದರೆ ಸೂಪರ್‌ವೈಸರ್ ಅದರ ಫೋಟೊ ತೆಗೆದು ಅವಳ ಅರ್ಧ ದಿನದ ಹಾಜರಿ ಹೊಡೆದುಹಾಕುತ್ತಾನೆ. “ಬೇಬಿಗೆ ಉಸಿರಾಟದ ತೊಂದರೆ ಅಂತ ಗೊತ್ತಿರಲಿಲ್ಲ,” ಎಂದಳು ಕೊನೆಗೆ. “ಗೊತ್ತಿದ್ದರೆ ಆಚೆ ಗೋಡೆಯ ಹತ್ತಿರ ಎಳಕೊಂಡು ಹೋಗಿ ಸುಡುತ್ತಿದ್ದೆ.” ಸುಡುವುದಿಲ್ಲ ಎನ್ನಲಿಲ್ಲ.

ಅವಳು ಹೋದ ಮೇಲೆ ದೂರು ಹಿಂತೆಗೆಯಲು ಕೂತೆ. ಆ್ಯಪಿನಲ್ಲಿ ಅದಕ್ಕೆ ಬಟನ್ನೇ ಇರಲಿಲ್ಲ, ಮೇಲಿನವರಿಗೆ ಹೋದ ದೂರನ್ನು ಹಿಂತೆಗೆಯಲು ಬರುವುದಿಲ್ಲ. ಸೋಮವಾರ ವಲಯ ಕಚೇರಿಗೆ ಫೋನು ಮಾಡಿದೆ. ಗುಮಾಸ್ತ ನಕ್ಕ. “ಮೇಡಂ, ಅಷ್ಟು ಪಕ್ಕಾ ಬರೆದಿದ್ದೀರಿ. ನೀವೇ ಮುಚ್ಚಬೇಡಿ ಅಂದಿದ್ದೀರಿ. ಶುಕ್ರವಾರ ಬನ್ನಿ, ಫೋಟೊದಲ್ಲಿರೋದು ಯಾರು ಅಂತ ಗುರುತಿಸಿ ಹೇಳಿಕೆ ಕೊಡಿ.” ಗಂಡನಿಗೆ ಹೇಳಿದರೆ ಅವರು ತಟ್ಟೆಯಿಂದ ತಲೆಯೆತ್ತದೆ, “ಬೆಂಕಿ ಹಾಕಿದ್ದು ಸುಳ್ಳಲ್ಲವಲ್ಲ. ಮಗುವಿನ ಗತಿ ನೋಡು ಮೊದಲು. ಛೋಡ್ ದೋ,” ಎಂದರು. ಒಳಗೆ ಮಗಳು ಕೆಮ್ಮುತ್ತಿದ್ದಳು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ, ಆದರೂ ನನಗೆ ಅನ್ನ ಇಳಿಯಲಿಲ್ಲ.

ಗುರುವಾರ ಆಫೀಸಿನಲ್ಲೇ ಕುಳಿತು ಒಂದು ಹೇಳಿಕೆ ತಯಾರಿಸಿದೆ. ಗುಂಡಿ ಮುಚ್ಚಿಸಿದ್ದು ನಾನು, ಎಲೆ ಸಾಗಿಸಲು ಬೇರೆ ವ್ಯವಸ್ಥೆ ಇರಲಿಲ್ಲ, ಆದ್ದರಿಂದ ಸಫಾಯಿ ಕರ್ಮಚಾರಿಯನ್ನು ಹೊಣೆ ಮಾಡುವುದು ಸರಿಯಲ್ಲ ಎಂದು ಎರಡು ಪುಟ. ನನ್ನ ಮೇಲೇ ನಾನು ಬರೆದುಕೊಂಡ ಟಿಪ್ಪಣಿ ಅದು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೋದೆ. ವಲಯ ಕಚೇರಿಯ ವರಾಂಡದಲ್ಲಿ ಅವಳು ಕಾಯುತ್ತಿದ್ದಳು, ಇಸ್ತ್ರಿ ಮಾಡಿದ ಸೀರೆ, ಮೇಲೆ ಅದೇ ಕಿತ್ತಳೆ ಜಾಕೀಟು. ನಾನು ಕಾಗದ ತೆಗೆದು ಅವಳಿಗೆ ಹಿಂದಿಯಲ್ಲಿ ಓದಿ ಹೇಳಿದೆ. ಮೆಚ್ಚುತ್ತಾಳೆಂದುಕೊಂಡಿದ್ದೆ.

“ಇದರಲ್ಲಿ ಬೆಂಕಿ ಹಾಕಿದ್ದು ನಾನು ಅಂತ ಇದೆಯಾ?” ಎಂದು ಕೇಳಿದಳು.

“ಇದೆ. ಆದರೆ ತಪ್ಪು ನಿನ್ನದಲ್ಲ ಅಂತಲೂ ಇದೆ.”

“ಅವರು ಮೊದಲನೆಯದನ್ನ ಮಾತ್ರ ಓದುತ್ತಾರೆ, ಮೇಡಂಜೀ. ಬೆಂಕಿ ಮತ್ತು ನಾನು ಒಂದೇ ಕಾಗದದಲ್ಲಿ ಬಂದರೆ ಮುಗೀತು. ಇದು ಬೇಡ. ಸುಮ್ಮನೆ ಗುರುತು ಸಿಗಲ್ಲ ಅಂತ ಹೇಳಿಬಿಡಿ. ಬೆನ್ನು ಮಾತ್ರ ಇದೆಯಲ್ಲ. ಈ ಜಾಕೀಟು ಎಲ್ಲರೂ ಹಾಕುತ್ತಾರೆ.”

ಇಪ್ಪತ್ತು ವರ್ಷದಲ್ಲಿ ಕಡತಕ್ಕೆ ನಾನು ಸುಳ್ಳು ಸಾಲು ಬರೆದವಳಲ್ಲ. ಅದನ್ನು ಅವಳಿಗೆ ಹೇಳಬೇಕೆನಿಸಿತು. ಹೇಳಲು ನಾಚಿಕೆಯಾಯಿತು. ಆಗಲೇ ಒಳಗಿನಿಂದ ಕರೆ ಬಂತು, ನಾನು ಕಾಗದವನ್ನು ಮಡಚಿ ಬ್ಯಾಗಿಗೆ ತುರುಕಿದೆ.

ವಿಚಾರಣಾಧಿಕಾರಿ ಕನ್ನಡಕದ ಮೇಲಿನಿಂದ ನೋಡುವ ಪೈಕಿ. ಪಕ್ಕದಲ್ಲಿ ಸೂಪರ್‌ವೈಸರ್ ಹಾಜರಿ ಪುಸ್ತಕ ತಬ್ಬಿಕೊಂಡು ನಿಂತಿದ್ದ. ನನಗೆ ಕುರ್ಚಿ ಕೊಟ್ಟರು, ಅವಳು ಗೋಡೆಗೆ ಒರಗಿ ನಿಂತಳು. ಅಧಿಕಾರಿ ಫೋಟೊವನ್ನು ನನ್ನತ್ತ ತಿರುಗಿಸಿದರು.

“ಇದು ಯಾರು?”

“ಖಚಿತವಾಗಿ ಹೇಳಲಾರೆ. ಮುಖ ಕಾಣುವುದಿಲ್ಲ.”

ಸೂಪರ್‌ವೈಸರ್ ಬಾಯಿ ಹಾಕಿದ. “ಸರ್, ಆ ಗಲ್ಲಿ ಇವಳದೇ. ಪುಸ್ತಕದಲ್ಲಿದೆ.” ಅಧಿಕಾರಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. “ಗಲ್ಲಿ ಇವಳದು, ಸರಿ. ಬೆಂಕಿ ಚೌಕೀದಾರನೂ ಹಾಕಬಹುದು.” ಮತ್ತೆ ನನ್ನ ಕಡೆ ತಿರುಗಿದರು. “ಮೇಡಂ, ನೀವು ಸರ್ಕಾರಿ ನೌಕರರು. ಜವಾಬ್ದಾರಿ ನಿಗದಿಪಡಿಸಿ ಅಂತ ಬರೆದು ಮೂವರ ತಲೆ ತಿಂದವರು. ಈಗ ಗುರುತಿಲ್ಲ ಅಂತೀರಿ. ಇವಳು ನಿಮ್ಮ ಮನೆಗೆ ಬಂದು ಅತ್ತುಕೊಂಡಳಾ? ನಿಮಗೂ ಇವಳಿಗೂ ಪರಿಚಯವಾ?”

“ಗಲ್ಲಿ ಗುಡಿಸುವುದನ್ನು ನೋಡಿದ್ದೇನೆ,” ಎಂದೆ.

“ಆ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?”

“ಏಳು.”

“ಏಳು ವರ್ಷ ದಿನಾ ನೋಡಿದ್ದೀರಿ.” ಅವರು ಕಡತವನ್ನು ಮುಚ್ಚಿ, ರಟ್ಟಿನ ಮೇಲೆ ಬರೆದಿದ್ದ ಹೆಸರು ಕಾಣದಂತೆ ಅಂಗೈ ಇಟ್ಟರು. “ಇವಳ ಹೆಸರೇನು, ಹೇಳಿ.”

ಅವರ ಉಪಾಯ ನನಗೆ ಅರ್ಥವಾಯಿತು. ಹೆಸರು ಬಾಯಿಗೆ ಬಂದರೆ ಪರಿಚಯ ಖಾತ್ರಿ, ಪರಿಚಯವಿದ್ದರೆ ನನ್ನ ಹೇಳಿಕೆ ಸುಳ್ಳು, ಅವಳ ಕೆಲಸ ಅಲ್ಲಿಗೆ ಮುಗಿಯಿತು. ಗೋಡೆಯ ಹತ್ತಿರ ಅವಳು ಉಸಿರು ಬಿಗಿಹಿಡಿದಿದ್ದು ನನಗೆ ಗೊತ್ತಾಗುತ್ತಿತ್ತು. ತೋರಿಸಿಕೊಳ್ಳಬಾರದು, ಮುಖದಲ್ಲಿ ಏನೂ ಕಾಣಬಾರದು ಎಂದುಕೊಂಡು ಹೆಸರನ್ನು ಮನಸ್ಸಿನಲ್ಲಿ ಅಡಗಿಸಲು ಹೋದೆ. ಅಡಗಿಸಲು ಅಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ನಾವು ‘ಝಾಡೂವಾಲಿ’ ಅನ್ನುತ್ತಿದ್ದೆವು. ಚೌಕೀದಾರ ‘ಓ ಆಂಟಿ’ ಅನ್ನುತ್ತಿದ್ದ. ನಾನು ಬಾಲ್ಕನಿಯಿಂದ ‘ಏ’ ಎಂದಿದ್ದೆ. ಏಳು ವರ್ಷವನ್ನು ತಡಕಾಡಿದೆ, ಸಿಗಲಿಲ್ಲ. ಹೊಸ್ತಿಲ ಹತ್ತಿರ ಅಷ್ಟು ಹೊತ್ತು ಮಾತಾಡಿದ ದಿನವೂ ಕೇಳಿರಲಿಲ್ಲ. ಕಿವಿ ಬಿಸಿಯಾಗಿ, ಕತ್ತಿನವರೆಗೂ ಬಿಸಿ ಇಳಿಯಿತು.

“ಗೊತ್ತಿಲ್ಲ,” ಎಂದೆ.

ಅಧಿಕಾರಿ ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳುವವರನ್ನು ಬಹಳ ಮಂದಿಯನ್ನು ಕಂಡವರಿರಬೇಕು, ನಾನು ಆ ಪೈಕಿಯಲ್ಲವೆಂದು ಅವರಿಗೆ ನಂಬಿಕೆ ಬಂದಿತು. ನಿಟ್ಟುಸಿರು ಬಿಟ್ಟು ಕಡತ ಬಿಚ್ಚಿದರು. ‘ದೂರುದಾರರು ವ್ಯಕ್ತಿಯನ್ನು ಗುರುತಿಸಲಿಲ್ಲ, ಅವರಿಗೆ ಪರಿಚಯವಿಲ್ಲ’ ಎಂದು ಎರಡು ಸಾಲು ಬರೆದು ನನ್ನ ಮುಂದೆ ತಳ್ಳಿದರು. ಸಹಿ ಹಾಕಿದೆ. ಸೋಮವಾರದಿಂದ ಹಾಜರಿ ಹಾಕಿಸಿಕೊ ಎಂದು ಅವಳಿಗೆ ಹೇಳಿದರು. ಗೊಬ್ಬರದ ಗುಂಡಿಯನ್ನು ಮತ್ತೆ ತೆಗೆಸಬೇಕೆಂದು ನಾನು ಬಾಯಿ ತೆರೆದದ್ದಕ್ಕೆ, “ಅದು ಬೇರೆ ವಿಭಾಗ, ಬೇರೆ ಅರ್ಜಿ ಕೊಡಿ,” ಎಂದರು. ಆ ಅರ್ಜಿ ಕೊಟ್ಟಿದ್ದೇನೆ, ಬೆಂಚು ಇನ್ನೂ ಅಲ್ಲೇ ಇದೆ.

ಹೊರಗೆ ಬಂದೆವು. ಗೇಟಿನ ಹತ್ತಿರ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಗೈ ಕಟ್ಟಿಗೆಯಂತೆ ಒರಟಾಗಿತ್ತು. ಅವಳ ಕಣ್ಣಲ್ಲಿ ನೀರಿತ್ತು, ಜೊತೆಗೆ ನಗುವೂ.

“ಕಮಾಲ್ ಕರ್ ದಿಯಾ, ಮೇಡಂಜೀ! ಹೆಸರು ಕೇಳಿದಾಗ ನನ್ನ ಜೀವವೇ ಹೋಗಿತ್ತು. ಇಷ್ಟು ವರ್ಷದಿಂದ ನನ್ನನ್ನು ನೋಡುತ್ತಿರುವವರು, ಬಾಯಿ ತಪ್ಪಿ ಬಂದೇಬಿಡುತ್ತೆ ಅಂದುಕೊಂಡೆ. ಆದರೆ ನೀವು ಎಂಥಾ ಮುಖ ಮಾಡಿದಿರಿ! ನಿಜವಾಗಿಯೂ ಗೊತ್ತೇ ಇಲ್ಲದವರ ಹಾಗೆ!”

ಅವಳು ನಗುತ್ತಲೇ ಇದ್ದಳು. ನಾನೂ ನಕ್ಕೆ. ನಗದೆ ಏನು ಮಾಡಲಿ? ಕೇಳಬೇಕಾಗಿದ್ದ ಪ್ರಶ್ನೆ ನಾಲಿಗೆಯ ತುದಿಗೇ ಬಂದಿತ್ತು. ಕೇಳಿದರೆ ಆ ನಗು ಅಲ್ಲೇ ನಿಂತುಹೋಗುತ್ತದೆಂದು ನುಂಗಿಕೊಂಡೆ. “ಚಲೋ, ಬಸ್ ಬಂತು,” ಎಂದು ಅವಳು ಓಡಿದಳು.

ಈಗಲೂ ನಮ್ಮ ಗಲ್ಲಿ ಗುಡಿಸುವುದು ಅವಳೇ. ಮೇಲೆ ನೋಡಿ ಕೈ ಬೀಸುತ್ತಾಳೆ, ಬೇಬಿ ಹೇಗಿದ್ದಾಳೆ ಎನ್ನುತ್ತಾಳೆ. ಚೌಕೀದಾರನನ್ನು ಕೇಳಿದರೆ ಒಂದು ನಿಮಿಷದಲ್ಲಿ ಹೆಸರು ಗೊತ್ತಾಗುತ್ತದೆ. ಅವನನ್ನು ಕೇಳಬಾರದು, ಅವಳನ್ನೇ ಕೇಳಬೇಕು ಎಂದುಕೊಂಡು ಎಷ್ಟೋ ಬೆಳಗು ಮೆಟ್ಟಿಲಿಳಿದು ಹೋಗಿದ್ದೇನೆ. ನಮಸ್ತೇ ಎಂದು ವಾಪಸು ಬಂದಿದ್ದೇನೆ.